ಟಿ.ವಿ. ಮುಂದಿನ ರಂಗೋಲಿ ಗೆರೆ

ಆಗೆಲ್ಲ ಟಿ.ವಿ.ಗಳಿಗೆ ಬೆನ್ನಿತ್ತು. ಈಗಿನ ಹಾಗೆ ಗೋಡೆಗೆ ಕ್ಯಾಲೆಂಡರಿನಂತೆ ತಗುಲಿಹಾಕುವ ವಸ್ತುವಾಗಿರಲಿಲ್ಲ ಅದು. ಎತ್ತಲು ಇಬ್ಬರು ಬೇಕು, ಇಡಲು ಮೂಲೆಯಲ್ಲೊಂದು ಸ್ಟ್ಯಾಂಡು ಬೇಕು, ಮೇಲೆ ಹೊದಿಸಲು ಕ್ರೋಶಾ ಹಾಕಿದ ಬಟ್ಟೆ ಬೇಕು. ಒಂದು ತಾಸು ಓಡಿದರೆ ಅದರ ಬೆನ್ನು ಜ್ವರ ಬಂದವರ ಹಣೆಯಂತೆ ಬಿಸಿಯಾಗುತ್ತಿತ್ತು. ಆಗ ತಾನೇ ಆರಿಸಿದ ಪರದೆಯ ಹತ್ತಿರ ಕೈ ಒಯ್ದರೆ ತೋಳಿನ ಕೂದಲೆಲ್ಲ ನಿಗುರಿ ನಿಲ್ಲುತ್ತಿದ್ದವು. ನಿಮ್ಮಲ್ಲಿ ಬಹಳ ಜನ ಹಾಗೆ ಮಾಡಿ ನೋಡಿರುತ್ತೀರಿ, ಮನೆಯಲ್ಲಿ ಬೈಸಿಕೊಂಡೂ ಇರುತ್ತೀರಿ.

ಎರಡು ಸಾವಿರದ ಇಸವಿ ಕಳೆದು ಕೆಲವೇ ವರ್ಷಗಳಾಗಿದ್ದವು. ನಾವು ವಿಶಾಖಪಟ್ಟಣದಲ್ಲಿ, ಇಳಿಜಾರಿನ ಬೀದಿಯೊಂದರ ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆವು. ಅಪ್ಪ ಗದಗಿನ ಕಡೆಯವರು. ಬಂದರಿಗೆ ಬರುವ ಹಡಗುಗಳ ಕಾಗದಪತ್ರ ನೋಡುವ ಒಂದು ಆಫೀಸಿನಲ್ಲಿ ಕೆಲಸ. ಅಮ್ಮ ವಿಜಯವಾಡದ ತೆಲುಗು ಮನೆಯವಳು. ಅವಳ ಕನ್ನಡ ಪೂರಾ ನಮ್ಮ ಅಜ್ಜಿಯಿಂದ, ಅಂದರೆ ಅಪ್ಪನ ಅವ್ವನಿಂದ ಕಲಿತದ್ದು. ಸಿಟ್ಟು ಬಂದಾಗ ಮಾತ್ರ ಅದರೊಳಕ್ಕೆ ತೆಲುಗು ನುಗ್ಗುತ್ತಿತ್ತು. ಮನೆಯ ಮೇಲಿನ ತಾರಸಿಗೆ ಹತ್ತಿದರೆ ಸಮುದ್ರ ಕಾಣುತ್ತಿತ್ತು. ಬಂದರಿನೊಳಗೆ ಜಾಗ ಸಿಗುವವರೆಗೆ ಹಡಗುಗಳು ದೂರದಲ್ಲಿ ಲಂಗರು ಹಾಕಿ, ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾದವರಂತೆ ನಿಂತಿರುತ್ತಿದ್ದವು.

ಅಜ್ಜಿ ನಮ್ಮೊಂದಿಗೆ ಇರಲು ಬಂದು ಬಹಳ ಕಾಲವಾಗಿತ್ತು. ತೆಲುಗು ಮಾತ್ರ ಹತ್ತಲಿಲ್ಲ. "ಈ ವಯಸ್ಸಿನ್ಯಾಗ ನಾಲಿಗಿ ಮಣಿಯೂದಿಲ್ಲ ಬಿಡ," ಎನ್ನುತ್ತಿದ್ದಳು. ಕೆಳಗಿನ ಮನೆಯವರು ಮಾತಾಡಿಸಿದರೆ ನಕ್ಕು, ಕೈಗೆ ಒಂದು ಹಿಡಿ ಶೇಂಗಾ ಕೊಟ್ಟು ಕಳಿಸುತ್ತಿದ್ದಳು. ಕೇಬಲ್ಲಿನವರು ಎಲ್ಲಕ್ಕಿಂತ ಕೊನೆಯಲ್ಲಿ ಒಂದು ಕನ್ನಡ ಚಾನೆಲ್ ಕೊಡುತ್ತಿದ್ದರು. ಅದರ ತುಂಬ ಬಿಳಿ ಚುಕ್ಕೆಗಳು, ಸಕ್ಕರೆ ಡಬ್ಬಿಗೆ ಇರುವೆ ಹತ್ತಿದ ಹಾಗೆ. ಆ ಇರುವೆಗಳ ನಡುವೆ ಸಂಜೆ ದೀಪ ಹಚ್ಚಿದ ಮೇಲೆ ಒಂದು ಧಾರಾವಾಹಿ ಬರುತ್ತಿತ್ತು. ಮನೆಯವರ ಮಾತು ಬಿಟ್ಟರೆ ಅಜ್ಜಿಯ ಕಿವಿಗೆ ಕನ್ನಡ ಬೀಳುತ್ತಿದ್ದದ್ದು ಆಗಲೇ. ನಾನೂ ಅವಳ ತೊಡೆಗೆ ಆತು ಕೂತು, ಹುರಿದ ಶೇಂಗಾದ ಸಿಪ್ಪೆ ಊದುತ್ತ, ಸೊಸೆಯರ ಜಗಳವನ್ನೆಲ್ಲ ಬಾಯಿಪಾಠ ಮಾಡುತ್ತಿದ್ದೆ. ಧಾರಾವಾಹಿ ಮುಗಿಯುವ ಹೊತ್ತಿಗೆ ಕಣ್ಣಲ್ಲಿ ಮರಳು ಹೊಯ್ದಂತೆ ಉರಿಯುತ್ತಿತ್ತು.

ದಸರಾ ರಜೆ ಮುಗಿದು ಶಾಲೆ ಶುರುವಾದಾಗ ನಮ್ಮ ಕಾನ್ವೆಂಟಿನ ಕ್ಲಾಸ್ ಟೀಚರ್ ಸಿಸ್ಟರ್ ಅಮ್ಮನನ್ನು ಕರೆಸಿದರು. ಹುಡುಗಿಯ ಕಣ್ಣು ಕೆಂಪಗಿರುತ್ತವೆ, ಬೋರ್ಡು ನೋಡುವಾಗ ಉಜ್ಜಿಕೊಳ್ಳುತ್ತಾಳೆ, ಟಿ.ವಿ.ಯನ್ನು ಹತ್ತಿರ ಕೂತು ನೋಡುತ್ತಾಳೇನು ಎಂದು ಮೆಲ್ಲಗೆ ಕೇಳಿದರು. ಅಮ್ಮ ಮನೆಗೆ ಬಂದವಳೇ ಅಪ್ಪನ ಮುಂದೆ ವಿಷಯ ಇಟ್ಟಳು. ಎಷ್ಟು ದೂರ ಕೂರಬೇಕು ಎಂಬ ಬಗ್ಗೆ ಆ ವಾರ ಮನೆಯಲ್ಲಿ ದೊಡ್ಡ ಚರ್ಚೆ. ಅಪ್ಪನ ಆಫೀಸಿನವರು ಹತ್ತು ಅಡಿ ಅಂದರಂತೆ. ನಮ್ಮ ನಡುಮನೆ ಗೋಡೆಯಿಂದ ಗೋಡೆಗೆ ಅಷ್ಟಿದ್ದರೆ ಹೆಚ್ಚು. ವಿಜಯವಾಡದ ಮಾವಯ್ಯ, ಅಂದರೆ ಅಮ್ಮನ ಅಣ್ಣ, ಪರದೆ ಎಷ್ಟು ದೊಡ್ಡದೋ ಅದರ ಐದು ಪಟ್ಟು ದೂರ ಎಂದು ಫೋನಿನಲ್ಲಿ ಲೆಕ್ಕ ಹೇಳಿದರು. ಪರದೆಯನ್ನು ಅಡ್ಡ ಅಳೆಯುವುದೋ ಮೂಲೆಯಿಂದ ಮೂಲೆಗೋ ಎಂದು ಅಪ್ಪ ಟೇಪು ಹಿಡಿದು ನಿಂತುಕೊಂಡರು.

ತೀರ್ಮಾನ ಮಾಡಿದವಳು ಅಜ್ಜಿ. ಬಾಗಿಲಿಗೆ ಸಂಜೆಯ ರಂಗೋಲಿ ಹಾಕಿ ಬಂದವಳು, ಬಟ್ಟಲಿನಲ್ಲಿ ಉಳಿದ ಪುಡಿಯನ್ನು ಹಿಡಿದು ನಡುಮನೆಯ ನೆಲದಲ್ಲಿ ಕೂತಳು.

"ಹಿಂದ ಸರಿ, ಹಿಂದ ಸರಿ ಅನಕೋತ ಕುಂಡ್ರಾಕ ಯಾರಿಗಿ ಪುರಸೊತ್ತೈತಿ? ಗೆರಿನ ಹೇಳ್ತೈತಿ," ಎಂದು ಈ ಗೋಡೆಯಿಂದ ಆ ಗೋಡೆಗೆ ಒಂದೇ ಉಸಿರಿನಲ್ಲಿ ಗೆರೆ ಎಳೆದಳು. ನೂಲು ಹಿಡಿದಷ್ಟು ನೆಟ್ಟಗೆ.

ಅಪ್ಪ ನಕ್ಕರು. "ಗೆರಿ ದಾಟಿದ್ರ ಏನಾಕ್ಕೈತವ್ವಾ? ಟೀವಿ ಒಳಗಿಂದ ಯಾರರ ಬಂದು ಹೊತಗೊಂಡು ಹೋಗ್ತಾರೇನು?"

"ಹೋಗೂದು ಕಣ್ಣು. ಬ್ಯಾರೇನೂ ಹೋಗೂದಿಲ್ಲ. ಕಾಯ್ದೆ ಎಲ್ಲಾರಿಗೂ ಒಂದ. ನಾನೂ ಹಿಂದನ ಕುಂಡ್ರತೀನಿ."

ಬೆಳಿಗ್ಗೆ ನೆಲ ಒರೆಸಿದರೆ ಗೆರೆ ಹೋಗುತ್ತಿತ್ತು. ಸಂಜೆ ಅಜ್ಜಿ ಮತ್ತೆ ಎಳೆಯುತ್ತಿದ್ದಳು. ನಮ್ಮ ನೆಲಕ್ಕೆ ಮೊಸಾಯಿಕ್ ಹಾಸುಗಳಿದ್ದವು. ಅದರಲ್ಲೊಂದು ಹಾಸಿನಲ್ಲಿ ಕರಿಯ ಚೂರುಗಳೆಲ್ಲ ಕೂಡಿ ಬಾಲ ಎತ್ತಿದ ಮೀನಿನ ಆಕಾರ ಮೂಡಿತ್ತು. ಅದು ನನಗೊಬ್ಬಳಿಗೇ ಗೊತ್ತಿದ್ದ ಮೀನು. ಮೊದಲ ದಿನಗಳಲ್ಲಿ ಮೀನು ಗೆರೆಯಿಂದಾಚೆ, ಟಿ.ವಿ. ಕಡೆಗಿತ್ತು. ನಾವೆಲ್ಲ ಈಚೆ. ಅಪ್ಪ ಕುರ್ಚಿಯಲ್ಲಿ, ಅಮ್ಮ ಸೊಪ್ಪು ಸೋಸುತ್ತ ಅಡುಗೆಮನೆಯ ಬಾಗಿಲಲ್ಲಿ, ಅಜ್ಜಿ ಮಣೆಯ ಮೇಲೆ, ನಾನು ಗೆರೆಗೆ ಮೂಗು ತಾಗುವಷ್ಟು ಹತ್ತಿರ.

ಇನ್ನೂ ಒಂದು ನಿಯಮವಿತ್ತು. ಜಾಹೀರಾತು ಬಂದ ಕೂಡಲೇ ನಾನು ತಾರಸಿಗೆ ಓಡಿ, ದೂರದ ಹಡಗುಗಳ ದೀಪ ನೋಡಿ ಬರಬೇಕು.

"ಹತ್ತರದ್ದ ನೋಡಿ ನೋಡಿ ಕಣ್ಣ ದಣೀತಾವ. ದೂರದ್ದ ತೋರಸಬೇಕು. ಗೂಟಕ್ಕ ಕಟ್ಟಿದ ಎತ್ತಿನ ಹಗ್ಗ ಬಿಚ್ಚಿಧಂಗ," ಎನ್ನುತ್ತಿದ್ದಳು ಅಜ್ಜಿ. ನಾನು ಕೆಳಗಿಳಿದು ಬರುವಷ್ಟರಲ್ಲಿ ಪ್ರಶ್ನೆ ಸಿದ್ಧ. "ಯಾವ ಹಡಗ ಬಂದೈತಿ ಇವತ್ತ?"

ಉಪ್ಪುಗಾಳಿ ಬೀಸುವ ಆ ಕತ್ತಲಲ್ಲಿ ನಿಂತು, ನೀರಿನ ಮೇಲೆ ಮಿಣುಗುವ ದೀಪಗಳನ್ನು ನೋಡಿದರೆ ಕಣ್ಣುರಿ ನಿಜಕ್ಕೂ ಇಳಿಯುತ್ತಿತ್ತು. ಮಲಗುವ ಮುಂಚೆ ಅಜ್ಜಿ ನನ್ನ ನೆತ್ತಿಗೆ ಔಡಲೆಣ್ಣೆ ತಟ್ಟುತ್ತಿದ್ದಳು. ದೀಪಾವಳಿ ಬರುವಷ್ಟರಲ್ಲಿ ನಾನು ಕಣ್ಣು ಉಜ್ಜುವುದು ನಿಂತಿತು. ಸಿಸ್ಟರ್ ಕೂಡ ಅದನ್ನು ಗಮನಿಸಿ, "ವೆರಿ ಗುಡ್, ಚೈಲ್ಡ್," ಎಂದು ಕೆನ್ನೆ ತಟ್ಟಿದರು.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ನೋಡುತ್ತೇನೆ, ಗೆರೆ ಮೀನಿನ ಬಾಲದ ಮೇಲೆ ಹಾದಿತ್ತು. ಕೆಲವು ದಿನಕ್ಕೆ ಹೊಟ್ಟೆಯ ಮೇಲೆ ಬಂತು. ಆಮೇಲೆ ಮೀನು ಪೂರ್ತಿ ನಮ್ಮ ಕಡೆಗೆ ಬಂದುಬಿಟ್ಟಿತು. ನನಗೆ ಹಿಗ್ಗು. ಅಜ್ಜಿ ನನ್ನ ಮೇಲಿನ ಪ್ರೀತಿಗೆ, ಯಾರಿಗೂ ಹೇಳದೆ, ದಿನಾ ಒಂದಿಷ್ಟು ಸಡಿಲ ಬಿಡುತ್ತಿದ್ದಾಳೆ ಎಂದುಕೊಂಡೆ. ನಮ್ಮಿಬ್ಬರ ಗುಟ್ಟು ಅದು. ಬಾಯಿ ಬಿಟ್ಟರೆ ಗೆರೆ ಹಿಂದಕ್ಕೆ ಹೋಗುತ್ತದೆ.

ಅಮ್ಮನಿಗೂ ಅದು ಕಂಡಿತು. ಆದರೆ ಅವಳಿಗೆ ಕಂಡದ್ದು ಬೇರೆ. ಅತ್ತೆಯ ಎದುರು ಮಗಳನ್ನು ಬೈದರೆ ಅತ್ತೆಯನ್ನೇ ಬೈದಂತೆ ಎಂದು ನನ್ನನ್ನು ಅಡುಗೆಮನೆಗೆ ಕರೆದು, ಕುಕ್ಕರಿನ ಸದ್ದಿನ ಮರೆಯಲ್ಲಿ ಕೇಳಿದಳು.

"ಏಮ್ಮಾ, ನೀನೇ ಗೆರೆ ಅಳಿಸಿ ಮುಂದ ಎಳದೀಯಾ?"

"ಇಲ್ಲಮ್ಮಾ."

"ಸ್ಕರ್ಟು ನೋಡಿಕೋ. ಅಂಚಿಗೆಲ್ಲ ರಂಗೋಲಿ."

ಗೆರೆಗೆ ಒತ್ತಿ ಕೂರುವವಳ ಸ್ಕರ್ಟಿಗೆ ರಂಗೋಲಿ ಹತ್ತದೆ ಇನ್ನೇನು? ಆದರೂ ನಾನು ಸುಮ್ಮನಿದ್ದೆ. ಸರಿಸಿದ್ದು ಅಜ್ಜಿ ಎಂದು ಹೇಳಿದರೆ ಅಜ್ಜಿಗೆ ಅವಮಾನ. ಅಮ್ಮನೂ ಅಜ್ಜಿಯನ್ನು ಕೇಳಲಿಲ್ಲ, ಕೇಳಿದರೆ ಅತ್ತೆಯ ಮೇಲೆ ಅನುಮಾನ ಪಟ್ಟಂತೆ. ಅಪ್ಪ ಅವ್ವನ ಗೆರೆಯ ವಿಷಯಕ್ಕೇ ಬರಲಿಲ್ಲ. ಹೀಗೆ ಮರ್ಯಾದೆಯ ಮನೆಯಲ್ಲಿ ಒಬ್ಬರೂ ಕೇಳಬೇಕಾದವಳನ್ನು ಕೇಳದೆ, ಗೆರೆ ಮಾತ್ರ ದಿನದಿನಕ್ಕೆ ಟಿ.ವಿ. ಕಡೆಗೆ ನಡೆಯಿತು. ಕೊನೆಗೆ ಅಮ್ಮ, "ಇನ್ನೊಂದು ಸಾರಿ ಮುಂದೆ ಬಂದ್ರ, ಪರೀಕ್ಷೆ ಮುಗಿಯೋ ತನಕ ಕೇಬಲ್ ತೆಗೆಸ್ತೀನಿ," ಎಂದಳು.

ಆ ಮಾತಿಗೆ ನನಗೆ ದಿಗಿಲಾಯಿತು. ಕೇಬಲ್ ಹೋದರೆ ನನಗೆ ಆಟವಿದೆ, ಕೆಳಗಿನ ಮನೆಯ ಹುಡುಗಿಯರಿದ್ದಾರೆ, ಕುಂಟೆಬಿಲ್ಲೆ ಇದೆ. ಅಜ್ಜಿಗೇನಿದೆ?

ಅಷ್ಟರಲ್ಲಿ ತುಫಾನಿನ ಎಚ್ಚರಿಕೆ ಬಂತು. ಕರಾವಳಿಯವರಿಗೆ ಅದು ಹೊಸದಲ್ಲ. ಶಾಲೆಗೆ ರಜೆ. ಬೆಳಿಗ್ಗೆ ಮಳೆ ಇನ್ನೂ ಶುರುವಾಗಿರಲಿಲ್ಲ. ಒಣಹಾಕಿದ ಮೆಣಸಿನಕಾಯಿ ಒಳಗೆ ತರಲು ಅಜ್ಜಿ, ನಾನು ತಾರಸಿಗೆ ಹತ್ತಿದೆವು. ಗಾಳಿಗೆ ಅವಳ ಸೆರಗು ಪಟಪಟ ಹೊಡೆದುಕೊಳ್ಳುತ್ತಿತ್ತು. ನಾನು ಸಮುದ್ರದ ಕಡೆ ನೋಡಿ ಬೆರಗಾದೆ. ಒಂದು ಹಡಗೂ ಇರಲಿಲ್ಲ. ತುಫಾನು ಬರುವಾಗ ಹಡಗುಗಳನ್ನು ದಡದಿಂದ ದೂರ, ಆಳದ ಸಮುದ್ರಕ್ಕೆ ಕಳಿಸಿಬಿಡುತ್ತಾರೆ ಎಂದು ಆಮೇಲೆ ಅಪ್ಪ ಹೇಳಿದರು. ಆವತ್ತು ಕಂಡದ್ದು ಬರೀ ಬೂದಿ ಬಣ್ಣದ ನೀರು, ಒರೆಸಿದ ಹಲಗೆಯಂತೆ.

ಅಜ್ಜಿ ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ಅದೇ ಕಡೆ ನೋಡಿದಳು.

"ಹೆಂಗ ಸಾಲಾಗಿ ನಿಂತಾವ ನೋಡ, ತಂಗಿ. ಗಾಳಿಗೂ ಅಂಜೂದಿಲ್ಲ ಅವು."

ನಾನು ಅವಳ ಮುಖ ನೋಡಿದೆ. ತಮಾಷೆಯ ಗುರುತು ಎಲ್ಲೂ ಇರಲಿಲ್ಲ. ಆಗ ಒಂದೊಂದೇ ನೆನಪಾಯಿತು. ಬಾಗಿಲಿನ ರಂಗೋಲಿಯ ಚುಕ್ಕೆಗಳು ಈಚೆಗೆ ಅವರೆಕಾಳಿನಷ್ಟು ದಪ್ಪಗಾದದ್ದು. ನೂಲಿನಂತಿದ್ದ ಗೆರೆ ನಡುವೆ ಸೊಟ್ಟಗಾದದ್ದು. ಅಕ್ಕಿಯ ಕಲ್ಲು ಆರಿಸುವ ಕೆಲಸ ಅಮ್ಮನ ಕೈಗೆ ಹೋದದ್ದು. ಧಾರಾವಾಹಿಯಲ್ಲಿ ಹೊಸಬರು ಬಂದರೆ, "ಇವರ್ಯಾರ?" ಎಂದು ನನ್ನನ್ನು ಕೇಳಿ, ದನಿ ಬಂದ ಮೇಲೆ ತಲೆದೂಗುತ್ತಿದ್ದದ್ದು.

"ಅಜ್ಜಿ, ಒಂದೂ ಹಡಗಿಲ್ಲ."

ಅವಳು ಮೆಣಸಿನಕಾಯಿ ತುಂಬುವುದನ್ನು ನಿಲ್ಲಿಸಿದಳು. ಆಮೇಲೆ ನನ್ನ ಕೈ ಹಿಡಿದು ನೀರಿನ ಟಾಕಿಯ ಮರೆಗೆ ಕೂರಿಸಿಕೊಂಡಳು.

"ಕಾಣವಲ್ದು, ತಂಗಿ. ದಸರಿ ಆದಾಗಿಂದ ಮಂಜ ಕವಿಧಂಗ ಆಗೈತಿ. ಟೀವಿ ಕಾಣವಲ್ದಂತ ಗೆರಿ ಮುಂದ ತಂದ್ನಿ. ಮತ್ತೂ ಕಾಣಲಿಲ್ಲ, ಮತ್ತೂ ತಂದ್ನಿ."

ಗೆರೆ ಸರಿದದ್ದು ನನಗಾಗಿ ಅಲ್ಲ ಎಂದು ತಿಳಿದು ಒಂದು ಕ್ಷಣ ನನಗೆ ಅಳು ಬಂತು. ಯಾತಕ್ಕೆ ಬಂತೋ, ಅದು ಬೇಗ ಹೋಯಿತು. ಅಪ್ಪನಿಗೆ ಹೇಳೋಣ ಎಂದೆ.

"ಬ್ಯಾಡ. ಹೇಳಿದ್ರ ಆಪರೇಷನ್ ಅಂತಾರ."

"ಆಪರೇಷನ್ ಮಾಡಿದ್ರೆ ಕಾಣ್ತದಲ್ಲ ಅಜ್ಜಿ. ನೋವಾಗ್ತದಂತ ಹೆದರಿಕೆಯಾ?"

"ನೋವಿಗ್ಯಾಕ ಅಂಜಲಿ? ಮೂರ ಹಡದೀನಿ," ಎಂದು ನಕ್ಕಳು. ಆಮೇಲೆ ದನಿ ಇಳಿಸಿದಳು. "ಕಣ್ಣಿನ ಆಪರೇಷನ್ನಿನ್ಯಾಗ ಎಚ್ಚರ ಇರ್ತೈತಂತ. ಒಳಗ ಯಾರನ್ನೂ ಬಿಡೂದಿಲ್ಲ. ಕಣ್ಣಾಗ ಕತ್ತರಿ ಇಟಗೊಂಡು ಡಾಕ್ಟರ್ ತೆಲುಗಿನ್ಯಾಗ ಮ್ಯಾಲ ನೋಡು ಅಂತಾನೋ, ಅಳಗ್ಯಾಡಬ್ಯಾಡ ಅಂತಾನೋ, ನನಗ ಹೆಂಗ ತಿಳೀಬೇಕು? ನಾ ತಿಳೀದ ಹೊರಳಿಸಿದ್ರ?"

ಇಷ್ಟು ದೊಡ್ಡವಳಿಗೆ ಇಂಥ ಹೆದರಿಕೆ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಆದರೆ ಈ ಹೆದರಿಕೆಗೆ ಮದ್ದು ನನ್ನ ಹತ್ತಿರವೇ ಇತ್ತು. ತೆಲುಗು ನನಗೆ ನೀರು ಕುಡಿದಷ್ಟು ಸುಲಭ.

"ನಾನು ಕಲಿಸ್ತೀನಿ. ಕಲಿತ ಮೇಲೆ ನೀನೇ ಅಪ್ಪನಿಗೆ ಹೇಳಬೇಕು."

ತುಫಾನು ದಿಕ್ಕು ಬದಲಿಸಿ ಒಡಿಶಾದ ಕಡೆ ಹೋಯಿತು. ನಮ್ಮ ಪಾಠ ಶುರುವಾಯಿತು. ಜಾಹೀರಾತು ಬಂದಾಗ ತಾರಸಿಗೆ ಓಡುವ ಬದಲು ನಾನು ಮರದ ಸೌಟು ಹಿಡಿದು ಅಜ್ಜಿಯ ಮುಂದೆ ಡಾಕ್ಟರಾಗಿ ನಿಲ್ಲುತ್ತಿದ್ದೆ.

"ಪೈಕಿ ಚೂಡಂಡಿ."

ಅಜ್ಜಿ ಕಣ್ಣನ್ನು ಫ್ಯಾನಿನ ಕಡೆಗೆತ್ತುತ್ತಿದ್ದಳು.

"ಕಿಂದಕಿ ಚೂಡಂಡಿ."

ಕಣ್ಣು ರಂಗೋಲಿಗೆ ಇಳಿಯುತ್ತಿದ್ದವು.

"ಕದಲಕಂಡಿ." ಇದು ಕಷ್ಟದ್ದು, ಅಲುಗಾಡಬೇಡಿ ಎಂದು. ಅಜ್ಜಿ ಉಸಿರನ್ನೂ ಹಿಡಿದು ಕಲ್ಲಾಗುತ್ತಿದ್ದಳು. ಕೊನೆಯಲ್ಲಿ ನಾನು "ಅಯಿಪೋಯಿಂದಿ," ಮುಗಿಯಿತು, ಎಂದರೆ ಅವಳ ಮುಖ ಅರಳುತ್ತಿತ್ತು. "ಇದೊಂದ ಭಾಳ ಚಲೋ ಮಾತು," ಎನ್ನುತ್ತಿದ್ದಳು.

ಒಂದು ಸಂಜೆ ಅಮ್ಮ ಅಡುಗೆಮನೆಯಿಂದ ಬಂದವಳು, ಅತ್ತೆ ಸಾಬೂನಿನ ಜಾಹೀರಾತಿನ ಮುಂದೆ ಕೂತು ಕಣ್ಣುಗುಡ್ಡೆಗಳನ್ನು ಮೇಲೆ ಕೆಳಗೆ ಮಾಡುವುದನ್ನು ಕಂಡು ಗಾಬರಿಯಾದಳು.

"ಅತ್ತಯ್ಯಾ, ಏಮಯಿಂದಿ? ಏನಾಯ್ತು? ಕಣ್ಣು ಉರೀತಾವಾ?"

ಅಜ್ಜಿ ನನ್ನ ಕಡೆ ತಿರುಗಿದಳು. ನಾನು ಸೌಟು ಬೆನ್ನ ಹಿಂದೆ ಬಚ್ಚಿಟ್ಟೆ.

"ಉರಿಯೂದಲ್ಲ ಪದ್ಮಾ, ಕಾಣವಲ್ದು," ಎಂದಳು ಅಜ್ಜಿ. "ಗೆರಿ ಸರಿಸಿದಾಕಿನೂ ನಾನ. ಕೂಸಿಂದೇನೂ ತಪ್ಪಿಲ್ಲ."

ಅಮ್ಮ ಗೆರೆ ದಾಟಿ ಬಂದು, ಟಿ.ವಿ.ಗೆ ಬೆನ್ನು ಮಾಡಿ ಅಜ್ಜಿಯ ಎದುರು ಕೂತಳು. ಅತ್ತೆಯ ಗದ್ದ ಹಿಡಿದು ಟ್ಯೂಬ್‌ಲೈಟಿನ ಬೆಳಕಿಗೆ ಎತ್ತಿ ನೋಡಿದಳು. ಬಲಗಣ್ಣಿನ ಕಪ್ಪಿನ ಮೇಲೆ ಮಜ್ಜಿಗೆಯ ಹನಿ ಬಿದ್ದಂತೆ ಬಿಳಿಪು, ಎಡಗಣ್ಣಿನಲ್ಲೂ ಅದರ ಛಾಯೆ. "ಇಷ್ಟು ಹತ್ತಿರ ಬಂದು ನಾನು ನಿಮ್ಮನ್ನ ನೋಡೇ ಇಲ್ಲ ಅತ್ತಯ್ಯಾ," ಎಂದಳು. ಆ ಸಂಜೆ ಅಮ್ಮ ಪುನುಗುಲು ಕರಿದಳು. ಇಡ್ಲಿ ಹಿಟ್ಟಿನ ಆ ಸಣ್ಣ ಬೋಂಡಾಗಳ ಮೊದಲ ತಟ್ಟೆ ಯಾವಾಗಲೂ ಅಪ್ಪನಿಗೆ ಹೋಗುತ್ತಿತ್ತು. ಆವತ್ತು ನನಗೆ ಬಂತು.

ಆಪರೇಷನ್ ವಿಜಯವಾಡದಲ್ಲಿ ಎಂದಾಯಿತು. ಅಲ್ಲಿ ಮಾವಯ್ಯನ ಮನೆ ಆಸ್ಪತ್ರೆಗೆ ಹತ್ತಿರ, ನೋಡಿಕೊಳ್ಳಲು ಜನ ಇದ್ದರು. ಬಿಸಿಲು ಏರುವ ಮುಂಚೆ ಮಾಡಿಸಿದರೆ ಕಣ್ಣಿಗೆ ತಂಪು ಎಂದು ಅಜ್ಜಿಯ ಹಟ, ಹಾಗಾಗಿ ಸಂಕ್ರಾಂತಿಗೆ ಮುಂಚೆಯೇ ಹೊರಟೆವು. ರೈಲು ದುವ್ವಾಡದಲ್ಲಿ ನಿಂತಾಗ, "ಬಂತೇನ ಬೆಜವಾಡ?" ಎಂದಳು ಅಜ್ಜಿ, ವಿಜಯವಾಡದ ಹಳೆಯ ಹೆಸರು ಹಿಡಿದು. ಹೊರಟು ಇನ್ನೂ ಒಂದು ತಾಸೂ ಆಗಿರಲಿಲ್ಲ. ಕಿಟಕಿಯ ಸರಳಿಗೆ ಮುಖ ಒತ್ತಿಕೊಂಡು, ಬಾಯಲ್ಲೇ "ಪೈಕಿ, ಕಿಂದಕಿ" ಎಂದು ಗುಣುಗುಣಿಸುತ್ತಿದ್ದಳು. ಎದುರಿಗೆ ಕೂತಿದ್ದ ಹೆಂಗಸು ಯಾವ ದೇವರ ಜಪ ಎಂದು ಅಮ್ಮನನ್ನು ಕೇಳಿದಳು.

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದಾಗ ನಾನು ಹೊರಗಿನ ಬೆಂಚಿನಲ್ಲಿ ಅಮ್ಮನ ಸೆರಗು ಹಿಡಿದು ಕೂತಿದ್ದೆ. ಡಾಕ್ಟರ್ ನಾನು ಕಲಿಸದ ಮಾತೇನಾದರೂ ಹೇಳಿಬಿಟ್ಟರೆ? ಎಡಕ್ಕೆ ನೋಡಿ, ಬಲಕ್ಕೆ ನೋಡಿ ಎಂಬುದನ್ನು ನಾನು ಕಲಿಸಿಯೇ ಇರಲಿಲ್ಲ. ಅದು ಆಗ ನೆನಪಾಗಿ ಅಮ್ಮನಿಗೆ ಹೇಳಿದೆ. ಅಮ್ಮ ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡು, "ನೀನು ಕಲಿಸಿದ್ದೇ ಸಾಲ್ತದೆ ಕಣೇ," ಎಂದಳು.

ಅಜ್ಜಿ ಹೊರಬಂದಾಗ ಒಂದು ಕಣ್ಣಿಗೆ ಪಟ್ಟಿ, ಬಾಯಿ ತುಂಬ ನಗು.

"ಎಲ್ಲಾ ತಿಳೀತು. ಕಿಂದಕಿ ಅಂದ, ನೋಡಿದ್ನಿ. ಕದಲಕಂಡಿ ಅಂದ, ಕಲ್ಲಿನಂಗ ಬಿದ್ದಿದ್ನಿ. ಕಡೀಕ ಅಂವ ಬಾಯಿ ತಗಿಯೂದ್ರಾಗ ನಾನ ಅಯಿಪೋಯಿಂದಿ ಅಂದ್ನಿ. ಎಲ್ಲಾರೂ ನಕ್ರು. ತೆಲುಗು ಎಲ್ಲಿ ಕಲಿತ್ರಿ ಅಂತೇನೋ ಕೇಳಿದ. ಟೀವಿ ಮುಂದ ಅಂದ್ನಿ."

"ತೆಲುಗಿನಲ್ಲಿ ಹೇಳಿದ್ಯಾ ಅಜ್ಜಿ?"

"ಇಲ್ಲ, ಕನ್ನಡದಾಗ. ಅಂವಗ ಏನ್ ತಿಳೀತೋ ದೇವರಿಗೇ ಗೊತ್ತು."

ಮರುದಿನ ಪಟ್ಟಿ ಬಿಚ್ಚಿ ಕಪ್ಪು ಕನ್ನಡಕ ಕೊಟ್ಟರು. ಸಂಕ್ರಾಂತಿಯ ಬೆಳಿಗ್ಗೆ ಮಾವಯ್ಯನ ಬೀದಿಯ ತುಂಬ ರಂಗೋಲಿ, ನಡುನಡುವೆ ಹೂವು ಸಿಕ್ಕಿಸಿದ ಸಗಣಿ ಉಂಡೆಯ ಗೊಬ್ಬೆಮ್ಮಗಳು, ಮನೆಮನೆಯಿಂದ ಅರಿಸೆಲು ಎಂಬ ಕಜ್ಜಾಯ ಕರಿಯುವ ಬೆಲ್ಲದ ಘಮ. ಅಜ್ಜಿ ಆ ಕನ್ನಡಕದಲ್ಲಿ ಪೊಲೀಸ್ ಸಾಹೇಬರಂತೆ ಕೈ ಹಿಂದೆ ಕಟ್ಟಿಕೊಂಡು ಬೀದಿ ಉದ್ದಕ್ಕೂ ನಡೆದಳು. ಒಂದು ಮನೆಯ ಮುಂದೆ ನಿಂತು, "ಇಲ್ಲಿ ಒಂದ ಚುಕ್ಕಿ ತಪ್ಪೈತಿ," ಎಂದಳು. ಬಗ್ಗಿ ನೋಡಿದರೆ, ನಿಜ.

ವಿಶಾಖಪಟ್ಟಣಕ್ಕೆ ಮರಳಿದ ಮೇಲೆ ಡಾಕ್ಟರ್ ಹೇಳಿದ ದಿನಗಳು ಕಳೆದು, ಅಜ್ಜಿ ಮತ್ತೆ ಗೆರೆ ಎಳೆದಳು. ಮೀನು ಮತ್ತೆ ಆಚೆಗೆ ಹೋಯಿತು. ನೂಲು ಹಿಡಿದಷ್ಟು ನೆಟ್ಟಗಿನ ಗೆರೆ. ಮಣೆ ಹಾಕಿ ಕೂತು ಧಾರಾವಾಹಿ ನೋಡಿದವಳು ಬೆಚ್ಚಿದಳು. "ಅಯ್ಯ, ಈಕಿ ಮಾರಿಗೆ ಇಷ್ಟ್ ಪೌಡರ ಹಚಗೊಂಡಾಳ? ನಾ ಭಾಳ ಚಂದ ಅದಾಳ ಅನಕೊಂಡಿದ್ನಿ." ಜಾಹೀರಾತು ಬಂದಾಗ ಇಬ್ಬರೂ ತಾರಸಿಗೆ ಹತ್ತಿದೆವು. ಅವಳು ಕತ್ತಲಲ್ಲಿ ಬೆರಳು ಚಾಚಿ ಹಡಗುಗಳ ದೀಪಗಳನ್ನು ನನಗೆ ತೋರಿಸಿದಳು. ಅಂದಿನಿಂದ ನಮ್ಮ ಮನೆಯಲ್ಲಿ "ಯಾವ ಹಡಗು ಬಂದಿದೆ?" ಎಂದರೆ ಒಂದೇ ಅರ್ಥ: ಕಣ್ಣು ಕಾಣುತ್ತಿವೆಯೇ, ನಿಜ ಹೇಳು.

ಈಗ ನಾನು ವಿಜಯವಾಡದ ಸೊಸೆ. ಅಜ್ಜಿ ಹೋಗಿ ವರ್ಷಗಳಾದವು. ನಮ್ಮ ಗೋಡೆಯ ಟಿ.ವಿ. ಆಗಿನದಕ್ಕಿಂತ ಬಹಳ ದೊಡ್ಡದು, ಅದರ ಮುಂದೆ ಜಾಗವೂ ಬೇಕಾದಷ್ಟಿದೆ, ಕೂರುವವರಿಲ್ಲ. ಗಂಡ ಒಂದು ಕೋಣೆಯಲ್ಲಿ, ಮಗಳು ಇನ್ನೊಂದರಲ್ಲಿ, ನಾನು ಅಡುಗೆ ಕಟ್ಟೆಯ ಮೇಲೆ ಫೋನು ಒರಗಿಸಿಕೊಂಡು. ಪ್ರತಿಯೊಬ್ಬರ ಪರದೆಯೂ ಮುಖದಿಂದ ಒಂದು ಗೇಣು. ಆ ಗೇಣಿನಲ್ಲಿ ಗೆರೆ ಎಳೆಯುವುದು ಎಲ್ಲಿ? ಒಂದೇ ಗೆರೆಯ ಹಿಂದೆ ಎಲ್ಲರೂ ಸಾಲಾಗಿ ಕೂರುತ್ತಿದ್ದಾಗ, ಅದು ನಾಲ್ಕು ಬೆರಳು ಸರಿದರೂ ಯಾರಾದರೊಬ್ಬರಿಗೆ ಕಾಣುತ್ತಿತ್ತು. ನಾವು ಕಂಡದ್ದನ್ನು ತಪ್ಪು ತಿಳಿದುಕೊಂಡೆವು, ಆದರೂ ಕಂಡೆವಲ್ಲ. ಸಂಜೆ ಮಗಳು ಕಣ್ಣುಜ್ಜಿದರೆ ತಾರಸಿಗೆ ಕರೆದೊಯ್ಯುತ್ತೇನೆ. ಇಲ್ಲಿ ಸಮುದ್ರವಿಲ್ಲ, ಕೃಷ್ಣೆಯ ಸೇತುವೆ ದಾಟುವ ರೈಲಿನ ದೀಪಗಳ ಸಾಲು ನೋಡುತ್ತೇವೆ.

ಅಪ್ಪ ಅಮ್ಮ ಈಗ ವಿಶಾಖಪಟ್ಟಣದ ಹೊರವಲಯದ ಪೆಂಡುರ್ತಿಯ ಫ್ಲ್ಯಾಟಿನಲ್ಲಿದ್ದಾರೆ. ದಿನಾ ರಾತ್ರಿ ಊಟಕ್ಕೆ ಮುಂಚೆ ವಿಡಿಯೋ ಕಾಲ್. ಮೊದಲು ಅಮ್ಮನ ಜೊತೆ ಕುರ್ಚಿ, ಗೋಡೆ, ಕಿಟಕಿ ಎಲ್ಲ ಕಾಣುತ್ತಿದ್ದವು. ಆಮೇಲೆ ಮುಖ ಮಾತ್ರ. ಕಳೆದ ವಾರ ನೋಡುತ್ತೇನೆ, ಫೋನಿನ ತುಂಬ ಅಮ್ಮನ ಒಂದು ಕಣ್ಣು, ಅರ್ಧ ಕುಂಕುಮ.

ನನಗೆ ಮೊಸಾಯಿಕ್ ನೆಲದ ಆ ಮೀನು ನೆನಪಾಯಿತು. ಈ ಸಾರಿ ಸುಮ್ಮನಿರಲಿಲ್ಲ.

"ಅಮ್ಮಾ, ಯಾವ ಹಡಗು ಬಂದಿದೆ ಇವತ್ತು?"

ಪೆಂಡುರ್ತಿಯಲ್ಲಿ ಸಮುದ್ರ ಕಾಣುವುದಿಲ್ಲ. ಅಮ್ಮ ನಗಲೂ ಇಲ್ಲ, ಪ್ರಶ್ನೆ ಏನೆಂದು ಕೇಳಲೂ ಇಲ್ಲ. ನಿಧಾನವಾಗಿ ಫೋನನ್ನು ತೋಳಿನಷ್ಟು ದೂರ ಹಿಡಿದಳು. ಅವಳ ಇಡೀ ಮುಖ ಎಷ್ಟೋ ದಿನದ ಮೇಲೆ ನನ್ನ ಕೈಗೆ ಬಂತು.

"ಕಾಣವಲ್ದು," ಎಂದಳು, ಅಜ್ಜಿಯ ಮಾತಿನಲ್ಲೇ.

"ಸಂಕ್ರಾಂತಿಗೆ ಮುಂಚೆ ಬಾ. ಅದೇ ಆಸ್ಪತ್ರೆ."

ಮಗಳು ಎಲ್ಲಿಂದಲೋ ಓಡಿಬಂದು ನನ್ನ ಭುಜದ ಮೇಲಿಂದ ಬಗ್ಗಿದಳು. ಈ ಕಥೆ ಅವಳಿಗೆ ಬಾಯಿಪಾಠ. ಕೈಯಲ್ಲಿ ಆಗಲೇ ಸೌಟಿತ್ತು.

"ಬರ್ತೀನಿ," ಎಂದಳು ಅಮ್ಮ, ಕಣ್ಣು ಕಿರಿದು ಮಾಡಿ ಸೌಟನ್ನು ನೋಡಲು ಯತ್ನಿಸುತ್ತ. "ಆದರ ಪಾಠ ಬ್ಯಾಡ ಅಂತ ಹೇಳು ನಿನ್ನ ಮಗಳಿಗೆ. ನನಗೆ ತೆಲುಗು ಬರ್ತದೆ."